ಆ ನೋಟ್‌ಬುಕ್ ಕಳೆದುಹೋಗಿರಲಿಲ್ಲ

ಮಂಡ್ಯ
ಭಾನುವಾರ ರಾತ್ರಿ

ಕೂಸೇ,

ನಾಳೆ ಈ ಹೊತ್ತಿಗೆ ನೀನು ವಿಮಾನದಲ್ಲಿರ್ತೀಯ. ಮೊನ್ನೆ ಆಡಿದ್ದನ್ನೆಲ್ಲ ಮತ್ತೆ ಕೆದಕಲ್ಲ. ನಾಟಕ ಕಲಿಯೋಕೆ ನ್ಯೂಯಾರ್ಕೇ ಆಗಬೇಕಾ, ಮೈಸೂರಲ್ಲಿ ರಂಗಾಯಣ ಇಲ್ವಾ ಅಂದದ್ದು ಮಾತ್ರ ನನಗೆ ಈಗಲೂ ತಪ್ಪು ಅನ್ನಿಸ್ತಿಲ್ಲ.

ನೀನು ಹೇಳಿದ ನಾಟಕಕಾರ್ತಿ ಮರಿಯಾ ಇರೇನೆ ಫೋರ್ನೆಸ್ ತಲೆಯಿಂದ ಹೋಗ್ತಿಲ್ಲ. ಅಪ್ಪ ತೀರಿಕೊಂಡ ಮೇಲೆ, 1945ರಲ್ಲಿ, 15 ವರ್ಷದ ಹುಡುಗಿ ಕ್ಯೂಬಾದ ಹವಾನಾ ಬಿಟ್ಟು ಅಮೆರಿಕಕ್ಕೆ ಬಂದಳು, ಶೂ ಕಾರ್ಖಾನೆಯಲ್ಲಿ ದುಡಿದಳು, ಆಮೇಲೆ ಕಲಿತ ಇಂಗ್ಲಿಷಲ್ಲೇ ನಾಟಕ ಬರೆದಳು ಅಂದೆ. ಅವಳ ಜೊತೆ ಅವ್ವನೂ ಬಂದಿದ್ದಳು ಅನ್ನೋದನ್ನ ಒಂದೇ ಉಸಿರಲ್ಲಿ ದಾಟಿಸಿಬಿಟ್ಟೆ. ನಾನು ಅಲ್ಲೇ ನಿಂತೆ.

ಅವಳ 1977ರ ನಾಟಕದಲ್ಲಿ ನೋಡೋರನ್ನ ನಾಲ್ಕು ಗುಂಪು ಮಾಡಿ ಬೇರೆ ಬೇರೆ ಜಾಗಕ್ಕೆ ಕರೆದೊಯ್ದಳು, ಅಡುಗೆಮನೆಗೂ, ಅಂದಾಗ ನಾನು ಎದ್ದು ಒಳಗೆ ಹೋದೆನಲ್ಲ, ಅದು ಸಿಟ್ಟಿಗಲ್ಲ ಕಣವ್ವ.

9ನೇ ಕ್ಲಾಸಲ್ಲಿ ನೀನು ನಾಟಕ ಬರೆದಿದ್ದ ನೀಲಿ ರಟ್ಟಿನ ನೋಟ್‌ಬುಕ್ ಮನೆ ಬದಲಾಯಿಸುವಾಗ ಕಳೆದುಹೋಗಲಿಲ್ಲ. ನಾನೇ ಹಳೇ ಪೇಪರಿನವನಿಗೆ ಹಾಕಿದೆ. ಓದಿಯೇ ಹಾಕಿದೆ. ಅದರಲ್ಲಿ ಮುದ್ದೆ ತೊಳಸ್ತಾ ತೊಳಸ್ತಾ ತನ್ನಷ್ಟಕ್ಕೆ ಮಾತಾಡೋ ಅವ್ವ, ಕೊನೆಗೆ ನಾಲೆ ಕಡೆ ಹೋದವಳು ವಾಪಸ್ ಬರಲ್ಲ. ಆ ಮಾತೆಲ್ಲ ನನ್ನವೇ. ಒಲೆ ಮುಂದೆ ಯಾರಿಗೂ ಕೇಳಿಸಲ್ಲ ಅಂದುಕೊಂಡು ಆಡಿದ್ದು. ನಿಮ್ಮಪ್ಪ ಓದಿದರೆ? ಸ್ಕೂಲಲ್ಲಿ ಆಡಿಸಿಬಿಟ್ಟರೆ? ಪೇಪರಿನವನು ಹಗ್ಗ ಬಿಗಿದ ಮೇಲೂ ನೀಲಿ ರಟ್ಟಿನ ತುದಿ ಕಾಣ್ತಿತ್ತು. ಎಳೆದುಕೊಳ್ಳಬಹುದಿತ್ತು. ಗೇಟಿನ ತನಕ ಹೋದೆ. ಅವನು ಸೈಕಲ್ ಹತ್ತೋ ತನಕ ಹೊತ್ತಿತ್ತು. ಹೊಸ ಮನೆಯಲ್ಲಿ ನೀನು ಒಂದೊಂದೇ ಡಬ್ಬ ಬಿಚ್ಚಿ ಅಳ್ತಾ ಹುಡುಕಿದಾಗ, ನಾನೂ ಪಕ್ಕ ಕೂತು ಹುಡುಕಿದೆ. ಹಾಕಿದ್ದಕ್ಕಿಂತ ಅದೇ ಹೆಚ್ಚು ಸುಡುತ್ತೆ.

ನಮ್ಮ ಮನೆತನದಲ್ಲಿ ಬರೆದದ್ದಕ್ಕೆ ಯಾರನ್ನಾದರೂ ದುಡ್ಡು ಕೊಟ್ಟು ಕರೆಸಿಕೊಂಡಿದ್ದರೆ ಅದು ನಿನ್ನನ್ನೇ. ಬೀದಿಗೆಲ್ಲ ಹೇಳಿದ್ದೀನಿ. ಬರೆದದ್ದನ್ನ ಎರಡು ಕಡೆ ಇಟ್ಟುಕೋ. ರಾತ್ರಿ ಒಬ್ಬಳೇ ರೈಲಲ್ಲಿ ಓಡಾಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ಬ್ರೆಡ್ಡು ಊಟ ಅಲ್ಲ. ಅವರಿಗೆ ಅರ್ಥವಾಗಲಿ ಅಂತ ನಮ್ಮೂರ ಮಾತನ್ನ ಸಪ್ಪೆ ಮಾಡಬೇಡ. ಸಾಲ ಮಾಡಬೇಡ, ನನ್ನ ಕೇಳು.

ಕೊನೆಗಾಲದಲ್ಲಿ ಫೋರ್ನೆಸ್‌ಗೆ ಮರೆವು ಬಂತು, 2018ರಲ್ಲಿ ತೀರಿಕೊಂಡಳು ಅಂದೆಯಲ್ಲ. ಅವತ್ತಿಂದ ನಿದ್ದೆಯಿಲ್ಲ. ನಿನ್ನ ನಾಟಕದಲ್ಲಿ ನನಗೆ ನೆನಪಿರೋದು ಹನ್ನೊಂದು ಸಾಲು. ಈ ಹಾಳೆಯ ಹಿಂದೆ ಬರೆದಿದ್ದೀನಿ. ರಾಗಿಹಿಟ್ಟಿನ ಡಬ್ಬದ ಪಕ್ಕ ಇಟ್ಟಿದ್ದೀನಿ.

ನಿನ್ನ ಅವ್ವ