1965ರ ಕಾಯ್ದೆ ಕೊಟ್ಟದ್ದು ಮತದ ಹಕ್ಕನ್ನಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಬಗ್ಗೆ ನಿಮ್ಮ ಪತ್ರಿಕೆ ಪ್ರಕಟಿಸಿದ ಲೇಖನ ಚೆನ್ನಾಗಿತ್ತು. ಆದರೆ ‘1965ರ ಕಾಯ್ದೆಯಿಂದ ಅವರಿಗೆ ಮತದಾನದ ಹಕ್ಕು ಸಿಕ್ಕಿತು’ ಎಂಬ ಒಂದು ಮಾತನ್ನು ತಿದ್ದಲೇಬೇಕು. ಬಣ್ಣದ ಕಾರಣಕ್ಕೆ ಯಾರ ಮತವನ್ನೂ ನಿರಾಕರಿಸಕೂಡದು ಎಂದು ಸಂವಿಧಾನದ 15ನೇ ತಿದ್ದುಪಡಿ 1870ರಲ್ಲೇ ಹೇಳಿತ್ತು. ಹೆಂಗಸರಿಗೆ 1920ರ 19ನೇ ತಿದ್ದುಪಡಿ ಇತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎನ್ನುತ್ತಾರಲ್ಲ, ದಕ್ಷಿಣದ ರಾಜ್ಯಗಳಲ್ಲಿ ಆದದ್ದು ಅದೇ. ಅಲ್ಲಿ ಪೂಜಾರಿಯ ಜಾಗದಲ್ಲಿದ್ದವನು ಕೌಂಟಿ (ನಮ್ಮ ಜಿಲ್ಲೆಯಂಥದು) ಕಚೇರಿಯಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವ ನೋಂದಣಿ ಅಧಿಕಾರಿ. 1965ರ ಈ ಮತದಾನ ಹಕ್ಕುಗಳ ಕಾಯ್ದೆ (ವೋಟಿಂಗ್ ರೈಟ್ಸ್ ಆಕ್ಟ್) ಕಿತ್ತುಕೊಂಡದ್ದು ಅವನ ಅಧಿಕಾರವನ್ನು.

ಬಸ್ಸಿನ ಸೀಟು, ಹೋಟೆಲಿನ ಮೇಜು, ಶಾಲೆಯ ಬಾಗಿಲು: ಈ ಹೋರಾಟದ ಈ ಮುಖ ನಮ್ಮವರಿಗೆ ಗೊತ್ತು. ಕಾಗೋಡು ಸತ್ಯಾಗ್ರಹಕ್ಕೆ ಬಂದು 1951ರಲ್ಲಿ ಬಂಧನಕ್ಕೊಳಗಾಗಿದ್ದ ರಾಮಮನೋಹರ ಲೋಹಿಯಾ, 1964ರ ಮೇ ತಿಂಗಳಲ್ಲಿ ಮಿಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ ಬಿಳಿಯರಿಗಷ್ಟೇ ಊಟ ಬಡಿಸುತ್ತಿದ್ದ ಕೆಫೆಟೇರಿಯಾಕ್ಕೆ ಹೋಗಿ ಬಂಧಿತರಾದದ್ದನ್ನು ಹಿರಿಯ ಸಮಾಜವಾದಿಗಳು ಈಗಲೂ ನೆನೆಯುತ್ತಾರೆ. ಅದೇ ಮಿಸಿಸಿಪ್ಪಿಯ ನೋಂದಣಿ ಕಚೇರಿಯ ಕೌಂಟರಿನಲ್ಲಿ ಏನಾಗುತ್ತಿತ್ತು ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

1890ರಲ್ಲಿ ಮಿಸಿಸಿಪ್ಪಿ ಹೊಸ ಸಂವಿಧಾನ ಬರೆದುಕೊಂಡಿತು. ಮತದ ಷರತ್ತುಗಳಲ್ಲಿ ಬಣ್ಣದ ಮಾತೇ ಇರಲಿಲ್ಲ. ತಲೆಗಂದಾಯ ಕಟ್ಟಿರಬೇಕು, ಸಂವಿಧಾನದ ಯಾವುದಾದರೂ ವಿಧಿಯನ್ನು ಓದಬೇಕು ಅಥವಾ ಅರ್ಥ ಹೇಳಬೇಕು ಎಂಬಂಥ ಷರತ್ತುಗಳಿದ್ದವು. ಬಣ್ಣದ ಹೆಸರೆತ್ತಿಲ್ಲ ಎಂಬ ಕಾರಣಕ್ಕೇ ಸುಪ್ರೀಂ ಕೋರ್ಟು 1898ರಲ್ಲಿ ಅದನ್ನು ಒಪ್ಪಿಕೊಂಡಿತು. ಉಳಿದ ರಾಜ್ಯಗಳು ಅದೇ ದಾರಿ ಹಿಡಿದವು. ಲೂಸಿಯಾನಾದಲ್ಲಿ 1896ರಲ್ಲಿ 1,30,334 ಕಪ್ಪು ಮತದಾರರಿದ್ದರು, 1904ರಲ್ಲಿ ಉಳಿದವರು 1,342.

1955ರ ನಂತರದ ಮಿಸಿಸಿಪ್ಪಿಯ ಅರ್ಜಿ ನಮೂನೆಯಲ್ಲಿ 21 ಪ್ರಶ್ನೆಗಳಿದ್ದವು. ಹೆಸರು, ವಯಸ್ಸು, ವಿಳಾಸ, ಕೆಲಸ, ಮಾಲೀಕ ಯಾರು ಎಂದು ಶುರುವಾಗುತ್ತಿತ್ತು. ಕುತ್ತಿಗೆಗೆ ಬರುತ್ತಿದ್ದದ್ದು ಕೊನೆಯ ಭಾಗ. 18ನೆಯದರಲ್ಲಿ ಅಧಿಕಾರಿ ತೋರಿಸಿದ ವಿಧಿಯನ್ನು ನೋಡಿ ಬರೆಯಬೇಕು. 19ರಲ್ಲಿ ಅದರ ‘ಸಮಂಜಸ’ ಅರ್ಥ ಬರೆಯಬೇಕು. 20ರಲ್ಲಿ ಸಾಂವಿಧಾನಿಕ ಸರ್ಕಾರದಲ್ಲಿ ಪ್ರಜೆಯ ಕರ್ತವ್ಯಗಳೇನು ಎಂಬ ಸಣ್ಣ ಪ್ರಬಂಧ. 21ನೆಯದು ಪ್ರಮಾಣ ಮತ್ತು ಸಹಿ. ಆ ಸಂವಿಧಾನದಲ್ಲಿ 285 ವಿಧಿಗಳು. ಯಾವುದನ್ನು ಯಾರಿಗೆ ಕೊಡಬೇಕು, ಯಾವ ಉತ್ತರ ಸಮಂಜಸ ಎಂಬುದೆಲ್ಲ ಮೇಜಿನ ಆ ಬದಿಗಿದ್ದ ಒಬ್ಬನ ಮರ್ಜಿ.

ಆ ಮರ್ಜಿ ಹೇಗೆ ನಡೆಯುತ್ತಿತ್ತೆಂದು 1966ರ ಸುಪ್ರೀಂ ಕೋರ್ಟು ತೀರ್ಪಿನ ಅಡಿಟಿಪ್ಪಣಿಯಲ್ಲೇ ದಾಖಲಾಗಿದೆ. ಮಿಸಿಸಿಪ್ಪಿಯ ಪನೋಲಾ ಕೌಂಟಿಯಲ್ಲಿ ಕಪ್ಪು ಅರ್ಜಿದಾರರಿಗೆ ‘ಚಿಕಸಾ ಶಾಲಾ ನಿಧಿ’ಯ ಬಡ್ಡಿದರದ ವಿಧಿಗೆ ಅರ್ಥ ಬರೆಯಲು ಕೊಡುತ್ತಿದ್ದರು. ಫಾರೆಸ್ಟ್ ಕೌಂಟಿಯಲ್ಲಿ ಆರು ಮಂದಿ ಕಪ್ಪು ಪದವೀಧರರನ್ನು ಅನಕ್ಷರಸ್ಥರೆಂಬಂತೆ ತಿರಸ್ಕರಿಸಿದರು. ಅವರಲ್ಲಿ ಮೂವರು ಸ್ನಾತಕೋತ್ತರ ಪದವಿ ಪಡೆದವರು. ಲೂಸಿಯಾನಾದಲ್ಲಿ ಒಬ್ಬ ಬಿಳಿಯ ‘ಫ್ರೀಡಂ ಆಫ್ ಸ್ಪೀಚ್’ ಎಂದು ಬರೆಯಲು ಹೋಗಿ ‘ಫ್ರ್ಡಮ್ ಫೂಫ್ ಸ್ಪೆಟ್ಘ್’ ಎಂದು ಬರೆದ. ಅವನು ಪಾಸು.

ನಮ್ಮಲ್ಲಿ 1951–52ರ ಮೊದಲ ಚುನಾವಣೆಯಲ್ಲಿ ಓದು ಬಾರದವರಿಗಾಗಿಯೇ ಪ್ರತಿ ಅಭ್ಯರ್ಥಿಯ ಪೆಟ್ಟಿಗೆಗೂ ಚಿಹ್ನೆ ಅಂಟಿಸಿದ್ದರು. ಅದಾಗಿ ಹತ್ತು ವರ್ಷ ಕಳೆದರೂ ಮಿಸಿಸಿಪ್ಪಿ ತನ್ನ ಪರೀಕ್ಷೆಯನ್ನು ಇನ್ನಷ್ಟು ಬಿಗಿಗೊಳಿಸುತ್ತಿತ್ತು. 1962ರಲ್ಲಿ ಎರಡು ನಿಯಮ ಸೇರಿದವು. ನಮೂನೆಯಲ್ಲಿ ಒಂದು ಜಾಗ ಖಾಲಿ ಬಿಟ್ಟರೂ ಅರ್ಜಿ ವಜಾ. ಅರ್ಜಿದಾರರ ಹೆಸರನ್ನು ಸ್ಥಳೀಯ ಪತ್ರಿಕೆಯಲ್ಲಿ ಎರಡು ವಾರ ಪ್ರಕಟಿಸಬೇಕು. ಎರಡನೆಯದು ಓದಲು ಪಾರದರ್ಶಕತೆಯಂತೆ ಕಾಣುತ್ತದೆ. ಆದರೆ ಆ ಪತ್ರಿಕೆಯನ್ನು ಜಮೀನಿನ ಒಡೆಯ ಓದುತ್ತಿದ್ದ, ಸಾಲ ಕೊಟ್ಟವನು ಓದುತ್ತಿದ್ದ, ರಾತ್ರಿ ಬಂದೂಕು ಹಿಡಿದು ಬರುವವರೂ ಓದುತ್ತಿದ್ದರು.

ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ದುಡಿಯುತ್ತಿದ್ದ ಕಪ್ಪು ಮಹಿಳೆ ಫ್ಯಾನಿ ಲೂ ಹೇಮರ್ ಅವರ ವಿಷಯದಲ್ಲಂತೂ ಪತ್ರಿಕೆಯಲ್ಲಿ ಹೆಸರು ಬರುವ ತನಕವೂ ಕಾಯಲಿಲ್ಲ. 1962ರ ಆಗಸ್ಟ್ 31ರಂದು ಅವರೂ ಸೇರಿ 18 ಮಂದಿ ಹೆಸರು ನೋಂದಾಯಿಸಲು ಬಸ್ಸಿನಲ್ಲಿ 26 ಮೈಲಿ ದೂರದ ಇಂಡಿಯನೋಲಾದ ಕೌಂಟಿ ಕಚೇರಿಗೆ ಹೋದರು. ಒಮ್ಮೆಗೆ ಇಬ್ಬರನ್ನಷ್ಟೇ ಒಳಗೆ ಬಿಟ್ಟರು. ವಾಪಸು ಬರುವಾಗ ಬಸ್ಸಿನ ಬಣ್ಣ ಸರಿಯಿಲ್ಲವೆಂದು ಚಾಲಕನ ಮೇಲೆ ಕೇಸು. ಹೇಮರ್ ಮನೆ ಮುಟ್ಟುವಷ್ಟರಲ್ಲಿ, 18 ವರ್ಷ ದುಡಿದ ತೋಟದ ಒಡೆಯನಿಗೆ ಸುದ್ದಿ ಮುಟ್ಟಿತ್ತು. ಅರ್ಜಿ ವಾಪಸು ತೆಗೆದುಕೋ, ಇಲ್ಲವೇ ಜಾಗ ಖಾಲಿ ಮಾಡು ಎಂದ. ಅದೇ ರಾತ್ರಿ ಅವರು ಹೊರಟರು. 1963ರ ಜನವರಿಯಲ್ಲಿ ಪರೀಕ್ಷೆ ಪಾಸಾದರು. ಆದರೂ ಮತ ಹಾಕಲು ಹೋದಾಗ ತಲೆಗಂದಾಯದ ಎರಡು ವರ್ಷದ ರಸೀದಿ ಎಲ್ಲಿ ಎಂದು ಕೇಳಿದರು. ವರ್ಷಕ್ಕೆ 2 ಡಾಲರ್. ಹತ್ತಿ ಬಿಡಿಸುವ ಕುಟುಂಬಕ್ಕೆ ಅದು ಸಣ್ಣ ಮೊತ್ತವಲ್ಲ. ಅದಕ್ಕಿಂತ ದೊಡ್ಡ ತೊಡಕು ರಸೀದಿಯದು. ಪಟ್ಟಿಯಲ್ಲಿ ಹೆಸರು ಸೇರಿಸದೆ ದೂಡಿದ ವರ್ಷಗಳಿಗೂ ಸೇರಿಸಿ ಅದನ್ನು ಕೇಳುತ್ತಿದ್ದರು.

ಅಲಬಾಮಾದ ಸೆಲ್ಮಾದಲ್ಲಿ ಬೀಗ ಹಾಕಿದ್ದು ಕ್ಯಾಲೆಂಡರಿಗೆ. ಅಲ್ಲಿ ನೋಂದಣಿ ಕಚೇರಿ ತೆರೆಯುತ್ತಿದ್ದದ್ದು ತಿಂಗಳ ಮೊದಲ ಮತ್ತು ಮೂರನೆಯ ಸೋಮವಾರ ಮಾತ್ರ. ಅರ್ಜಿದಾರರ ಪರವಾಗಿ ಈಗಾಗಲೇ ಮತದಾರರಾಗಿರುವ ಒಬ್ಬರು ಸಾಕ್ಷಿ ಹೇಳಬೇಕು; ಪಟ್ಟಿಯಲ್ಲಿ ಕಪ್ಪು ಜನರೇ ಬೆರಳೆಣಿಕೆಯಷ್ಟಿರುವಾಗ ಆ ಸಾಕ್ಷಿಯನ್ನು ಎಲ್ಲಿಂದ ತರುವುದು? 1963ರ ಅಕ್ಟೋಬರ್ 7ರಂದು ಮುನ್ನೂರಕ್ಕೂ ಹೆಚ್ಚು ಜನ ಕೋರ್ಟು ಕಟ್ಟಡದ ಹೊರಗೆ ಬಿಸಿಲಲ್ಲಿ ನಿಂತರು. ಸಾಲು ಬಿಟ್ಟರೆ ಸರದಿ ಹೋಗುತ್ತದೆ. ಅವರಿಗೆ ಊಟ, ನೀರು ಕೊಡಲು ಹೋದ ಇಬ್ಬರು ಕಾರ್ಯಕರ್ತರನ್ನು ರಾಜ್ಯ ಪೊಲೀಸರು ಹೊಡೆದು ಎಳೆದೊಯ್ದರು.

ಜನ ಸುಮ್ಮನೆ ಕಾದು ಕುಳಿತಿರಲಿಲ್ಲ ಎಂಬುದನ್ನೂ ಹೇಳಬೇಕು. ದಕ್ಷಿಣ ಕೆರೊಲಿನಾದ ಜಾನ್ಸ್ ದ್ವೀಪದಲ್ಲಿ 1957ರ ಜನವರಿಯಲ್ಲಿ, ದೊಡ್ಡವರಿಗೆ ಓದು ಬರಹ ಕಲಿಸುವ ಮೊದಲ ಪೌರತ್ವ ಶಾಲೆ ಶುರುವಾಯಿತು. ಸಹಕಾರಿ ಅಂಗಡಿಯೊಂದರ ಹಿಂದಿನ ಕೋಣೆಯೇ ಶಾಲೆ. ಮುಂದೆ ದಿನಸಿ ವ್ಯಾಪಾರ ನಡೆಯುತ್ತಿದ್ದರೆ ಬಿಳಿಯರಿಗೆ ಅನುಮಾನ ಬರುವುದಿಲ್ಲ. ಯೋಜನೆ ಸೆಪ್ಟಿಮಾ ಕ್ಲಾರ್ಕ್ ಮತ್ತು ಈಸಾ ಜೆಂಕಿನ್ಸ್ ಅವರದು, ಪಾಠ ಹೇಳಿದವರು ಬರ್ನೀಸ್ ರಾಬಿನ್ಸನ್. ರಾಬಿನ್ಸನ್ ಸೌಂದರ್ಯ ಮಳಿಗೆ ನಡೆಸುತ್ತಿದ್ದವರು, ಶಿಕ್ಷಕಿಯಲ್ಲ. ಅವರನ್ನು ಆರಿಸಿದ್ದೇ ದೊಡ್ಡವರನ್ನು ಮಕ್ಕಳಂತೆ ಕಾಣಬಾರದೆಂದು. ರಟ್ಟಿನ ಮೇಲೆ ಕಲಿಯುವವರ ಹೆಸರನ್ನು ದಪ್ಪಗೆ ಬರೆದುಕೊಡುತ್ತಿದ್ದರು. ನೇಗಿಲು ಹಿಡಿದ ಕೈಗಳು ಆ ಅಕ್ಷರಗಳ ಮೇಲೆಯೇ ಪೆನ್ಸಿಲ್ ಆಡಿಸುತ್ತಿದ್ದವು. ತಿದ್ದಿ ತಿದ್ದಿ ಕೈಗೆ ದಾರಿ ತಿಳಿದ ಮೇಲೆ ರಟ್ಟು ತೆಗೆದುಬಿಡುವುದು. ಆಮೇಲೆ ಮನಿಯಾರ್ಡರ್ ನಮೂನೆ ತುಂಬುವುದು, ಕೊನೆಗೆ ಸಂವಿಧಾನದ ವಿಧಿಗಳನ್ನು ಓದುವುದು. ಸಾಕ್ಷರತೆಯನ್ನೇ ಬೇಲಿ ಮಾಡಿದವರೆದುರು ಸಾಕ್ಷರತೆಯನ್ನೇ ಏಣಿ ಮಾಡಿಕೊಂಡ ಈ ಕೆಲಸವೇ ಇಡೀ ಚಳವಳಿಯ ಬೆನ್ನೆಲುಬು ಎಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ಕೋರ್ಟಿಗೆ ಹೋಗಬಹುದಿತ್ತಲ್ಲ? ಹೋದರು. 1957 ಮತ್ತು 1960ರ ನಾಗರಿಕ ಹಕ್ಕುಗಳ ಕಾಯ್ದೆಗಳು ಅದಕ್ಕೇ ಬಂದಿದ್ದವು. ತೊಂದರೆ ಏನೆಂದರೆ ಪ್ರತಿ ಕೌಂಟಿಗೂ ಬೇರೆ ಮೊಕದ್ದಮೆ. ಹಳೆಯ ಅರ್ಜಿಗಳ ಕಟ್ಟು ಬಿಚ್ಚಿ, ಬಿಳಿಯರ ಉತ್ತರವನ್ನೂ ಕಪ್ಪು ಜನರ ಉತ್ತರವನ್ನೂ ಹೋಲಿಸಿ ತಾರತಮ್ಯವನ್ನು ರುಜುವಾತು ಮಾಡಬೇಕು. ಒಂದೊಂದು ಕೇಸಿನ ತಯಾರಿಗೆ ಕೆಲವೊಮ್ಮೆ 6,000 ಗಂಟೆಗಳ ದುಡಿಮೆ. ಗೆದ್ದ ಮೇಲೂ, ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ರಾಜ್ಯಗಳವು: ಕೋರ್ಟು ಒಂದು ಪರೀಕ್ಷೆಯನ್ನು ತಡೆದರೆ ಇನ್ನೊಂದು ಹಾಜರು. ಸೆಲ್ಮಾದಲ್ಲಿ ಕೇಂದ್ರ ಸರ್ಕಾರ 1961ರಲ್ಲಿ ಹೂಡಿದ ಮೊಕದ್ದಮೆ ನಾಲ್ಕು ವರ್ಷ ನಡೆಯಿತು. ಮತದ ವಯಸ್ಸಿನ ಸುಮಾರು 15,000 ಕಪ್ಪು ಜನರಿದ್ದ ಕಡೆ ಪಟ್ಟಿಯಲ್ಲಿದ್ದವರು 156ರಿಂದ 383ಕ್ಕೆ ಏರಿದರು, ಅಷ್ಟೇ. 1965ರ ಮಾರ್ಚ್ 7ರಂದು ಮೆರವಣಿಗೆಯಲ್ಲಿ ಸೆಲ್ಮಾದ ಎಡ್ಮಂಡ್ ಪೆಟಸ್ ಸೇತುವೆ ದಾಟಲು ಹೊರಟು ಲಾಠಿ, ಅಶ್ರುವಾಯು ತಿಂದ ಸುಮಾರು 600 ಮಂದಿಯ ಬೆನ್ನ ಹಿಂದೆ ಈ ಲೆಕ್ಕವಿತ್ತು.

ಆ ವರ್ಷದ ಆಗಸ್ಟ್ 6ರಂದು ಸಹಿಯಾದ ಕಾಯ್ದೆಯ ಜಾಣ್ಮೆ ಇರುವುದು ಅದರ ಯಂತ್ರದಲ್ಲಿ. 1964ರ ನವೆಂಬರಿನಲ್ಲಿ ಪರೀಕ್ಷೆಯಂಥ ಷರತ್ತು ಜಾರಿಯಲ್ಲಿತ್ತೇ? ಮತದ ವಯಸ್ಸಿನವರಲ್ಲಿ ಅರ್ಧಕ್ಕಿಂತ ಕಡಿಮೆ ಜನ ನೋಂದಣಿಯಾಗಿದ್ದರೇ, ಅಥವಾ ಮತ ಹಾಕಿದ್ದರೇ? ಎರಡಕ್ಕೂ ಹೌದು ಎಂದಾದ ರಾಜ್ಯ ತಾನಾಗಿಯೇ ಕಾಯ್ದೆಯ ಹಿಡಿತಕ್ಕೆ ಬೀಳುತ್ತಿತ್ತು. ಯಾರ ಮನಸ್ಸಿನಲ್ಲಿ ಏನಿತ್ತೆಂದು ಸಾಬೀತು ಮಾಡಬೇಕಿರಲಿಲ್ಲ. ದಕ್ಷಿಣದ ಆರು ರಾಜ್ಯಗಳು ಹೀಗೆ ಇಡಿಯಾಗಿ ಸಿಕ್ಕವು. ಅಲ್ಲಿ ಪರೀಕ್ಷೆ ರದ್ದು. ಮೊಂಡುತನದ ಕೌಂಟಿಗಳಿಗೆ ಕೇಂದ್ರದ ಪರಿವೀಕ್ಷಕರೇ ಹೋಗಿ ಹೆಸರು ಬರೆದುಕೊಂಡರು; ಸಹಿ ಬಿದ್ದ ನಾಲ್ಕನೆಯ ದಿನವೇ ಒಂಬತ್ತು ಕೌಂಟಿಗಳಲ್ಲಿ ಕೆಲಸ ಶುರು. ಮಿಸಿಸಿಪ್ಪಿಯ ಕಪ್ಪು ಜನರಲ್ಲಿ ನೋಂದಣಿಯಾದವರು ಶೇ 6.7ರಷ್ಟಿದ್ದದ್ದು 1967ರ ಹೊತ್ತಿಗೆ ಶೇ 59.8 ಆಯಿತು.

ಎಲ್ಲಕ್ಕಿಂತ ಮುಖ್ಯವಾದದ್ದು 5ನೇ ಸೆಕ್ಷನ್. ಹಿಡಿತಕ್ಕೆ ಬಿದ್ದ ರಾಜ್ಯಗಳು ಮತಗಟ್ಟೆಯ ಜಾಗದಿಂದ ಹಿಡಿದು ಕ್ಷೇತ್ರದ ಗಡಿಯವರೆಗೆ ಏನೇ ಬದಲಿಸಬೇಕಾದರೂ ಮೊದಲು ಕೇಂದ್ರದ ಅಟಾರ್ನಿ ಜನರಲ್ ಅಥವಾ ವಾಷಿಂಗ್ಟನ್ನಿನ ಕೋರ್ಟಿನ ಒಪ್ಪಿಗೆ ಬೇಕಿತ್ತು. ಇದರಿಂದ ತಾರತಮ್ಯವಾಗದು ಎಂದು ರುಜುವಾತು ಮಾಡುವ ಹೊಣೆ ಬದಲಿಸುವವನದಾಗಿತ್ತು. ಇದೇಕೆ ಬೇಕಿತ್ತೆಂದರೆ, ಪಟ್ಟಿಯಲ್ಲಿ ಹೆಸರಿದ್ದರೂ ಮತವನ್ನು ಬೆಲೆಯಿಲ್ಲದಂತೆ ಮಾಡಬಹುದು. 1957ರಲ್ಲಿ ಅಲಬಾಮಾ ಚೌಕಾಕಾರದ ಟಸ್ಕೀಗಿ ಪಟ್ಟಣದ ಗಡಿಯನ್ನು 28 ಬದಿಗಳ ಆಕೃತಿಯಾಗಿ ಕತ್ತರಿಸಿತು. ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಮಂದಿಯನ್ನು ಬಿಟ್ಟು ಎಲ್ಲರೂ ಊರಾಚೆ. ಬಿಳಿಯರಲ್ಲಿ ಒಬ್ಬರೂ ಆಚೆ ಹೋಗಲಿಲ್ಲ. ಸುಪ್ರೀಂ ಕೋರ್ಟು ತಡೆಯುವಾಗ 1960. 1965ರ ನಂತರ ಮಿಸಿಸಿಪ್ಪಿ ಹಿಡಿದ ದಾರಿ ಇನ್ನೂ ಸರಳ: ವಾರ್ಡುವಾರು ಚುನಾವಣೆ ಬಿಟ್ಟು ಇಡೀ ಕೌಂಟಿಗೆ ಒಟ್ಟಿಗೆ ಮತ. ಐದು ವಾರ್ಡುಗಳಲ್ಲಿ ಎರಡರಲ್ಲಿ ಕಪ್ಪು ಜನ ಹೆಚ್ಚಿದ್ದರೆ ಎರಡು ಸ್ಥಾನ ಸಿಗಬೇಕು. ಬಿಳಿಯರೇ ಹೆಚ್ಚಿರುವ ಇಡೀ ಕೌಂಟಿಯಲ್ಲಿ ಒಟ್ಟಿಗೆ ಮತ ಹಾಕಿಸಿದರೆ ಐದಕ್ಕೆ ಐದೂ ಬಿಳಿಯರ ಪಾಲು. ಇಂಥ ಬದಲಾವಣೆಗೂ ಮುಂಚಿತ ಒಪ್ಪಿಗೆ ಬೇಕೆಂದು ಸುಪ್ರೀಂ ಕೋರ್ಟು 1969ರಲ್ಲಿ ಹೇಳಿತು.

2013ರ ಜೂನ್ 25ರಂದು ಅದೇ ಕೋರ್ಟು, ಯಾವ ರಾಜ್ಯಗಳು ಹಿಡಿತಕ್ಕೆ ಬರುತ್ತವೆಂದು ಹೇಳುವ ಸೂತ್ರ ಹಳತಾಯಿತೆಂದು 5–4ರ ತೀರ್ಪಿನಲ್ಲಿ ರದ್ದು ಮಾಡಿತು. 5ನೇ ಸೆಕ್ಷನ್ ಪುಸ್ತಕದಲ್ಲಿ ಉಳಿದಿದೆ, ಅನ್ವಯಿಸಲು ರಾಜ್ಯವಿಲ್ಲ. ಮತ ಹಾಕಲು ಗುರುತಿನ ಚೀಟಿ ತೋರಿಸಬೇಕೆಂಬ, ಹಿಂದಿನ ವರ್ಷ ವಾಷಿಂಗ್ಟನ್ನಿನ ಕೋರ್ಟು ತಡೆದಿದ್ದ ಕಾನೂನನ್ನು ಜಾರಿ ಮಾಡುವುದಾಗಿ ಟೆಕ್ಸಸ್ ಅದೇ ದಿನ ಸಾರಿತು. ಅದರಲ್ಲಿ ಬಂದೂಕಿನ ಲೈಸೆನ್ಸ್ ನಡೆಯುತ್ತದೆ, ವಿಶ್ವವಿದ್ಯಾಲಯದ ಗುರುತಿನ ಚೀಟಿ ನಡೆಯುವುದಿಲ್ಲ. ಉತ್ತರ ಕೆರೊಲಿನಾ ಎರಡು ತಿಂಗಳೊಳಗೆ ಮುಂಗಡ ಮತದಾನವನ್ನು 17 ದಿನದಿಂದ 10ಕ್ಕೆ ಇಳಿಸಿತು. ‘ಹೆಚ್ಚುಕಡಿಮೆ ಶಸ್ತ್ರಚಿಕಿತ್ಸೆಯ ನಿಖರತೆಯಿಂದ’ ಕಪ್ಪು ಮತದಾರರನ್ನು ಗುರಿ ಮಾಡಿದ ಕಾನೂನಿದು ಎಂದು ಮೇಲ್ಮನವಿ ಕೋರ್ಟು ಹೇಳಿದ್ದು 2016ರ ಜುಲೈನಲ್ಲಿ. ಅಷ್ಟರಲ್ಲಿ 2014ರ ಚುನಾವಣೆ ಮುಗಿದುಹೋಗಿತ್ತು. ರುಜುವಾತಿನ ಹೊಣೆ ಮತ್ತೆ ಮತದಾರನ ಹೆಗಲಿಗೇ ಬಂದಿದೆ.

‘ಹಕ್ಕು ಸಿಕ್ಕಿತು’ ಎಂದು ಬರೆದು ಮುಗಿಸಿದರೆ ಓದುಗರಿಗೆ 1965ಕ್ಕೇ ಕಥೆ ಮುಗಿದಂತೆ ಕಾಣುತ್ತದೆ. ಮುಂದೆ ಸೆಲ್ಮಾ ಸೇತುವೆಯ ಚಿತ್ರ ಅಚ್ಚು ಹಾಕುವಾಗ, ಪಕ್ಕದಲ್ಲಿ ಆ 21 ಪ್ರಶ್ನೆಗಳ ನಮೂನೆಯನ್ನೂ ಪ್ರಕಟಿಸಬೇಕೆಂದು ಕೋರುತ್ತೇವೆ.

ಇತಿ,
ಪತ್ರಿಕೆಯ ಓದುಗರು