ಫ್ಯೂಸ್ ಬದಲಾಯಿಸಿದ್ರೆ ಸೌಂಡ್ ಚೆನ್ನಾಗಾಗುತ್ತಾ?

ಸಂಪಾದಕರಿಗೆ ನಮಸ್ಕಾರ,

ಮನೇಲಿ ಆಂಪ್ಲಿಫೈಯರ್, ಒಳ್ಳೇ ಸ್ಪೀಕರ್ ಇಟ್ಕೊಂಡು ಹಾಡು ಕೇಳೋ ನಮ್ಮಂಥೋರ ಮಧ್ಯೆ ಈಗ ಆಂಪ್ಲಿಫೈಯರಿನ ಮಾಮೂಲಿ ಫ್ಯೂಸ್ ತೆಗ್ದು 'ಆಡಿಯೋ ಫ್ಯೂಸ್' ಹಾಕೋ ಗೀಳು ಹಬ್ಬಿದೆ, ಬೆಳ್ಳಿ ತಂತಿ, ಚಿನ್ನದ ಲೇಪ, ಮೇಲೆ ಬಾಣದ ಗುರುತು, ಅದೇ ದಿಕ್ಕಿಗೆ ಹಾಕ್ಬೇಕು ಅಂತ ಬೇರೆ. ನಾನೂ ಒಂದು ಹಾಕ್ದೆ. ಮೊದಲ ದಿನ ತಬಲಾ ಪೆಟ್ಟು ಬಿಡಿಬಿಡಿಯಾಗಿ ಕೇಳಿದ ಹಾಗೆ ಅನ್ನಿಸಿ ತುಂಬಾ ಖುಷಿ ಆಯ್ತು.

ಆಮೇಲೆ ಅನುಮಾನ ಬಂತು. ತಮ್ಮನಿಗೆ ಹೇಳ್ದೆ, ನಾನು ಹೊರಗಡೆ ಹೋಗ್ತೀನಿ, ನೀನು ನಾಣ್ಯ ಚಿಮ್ಮಿ ಅದರ ಪ್ರಕಾರ ಹಳೇದೋ ಹೊಸದೋ ಹಾಕು ಅಂತ. ಅವನು ಪ್ರತಿ ಸಲ ಪ್ಲಗ್ ಕಿತ್ತು, ಫ್ಯೂಸ್ ಹಾಕಿ, ವಾಲ್ಯೂಮ್ ಮುಟ್ಟದೆ ಅದೇ ಹಾಡು ಹಚ್ತಿದ್ದ, ನಾನು ಬಂದು ಕೇಳಿ ಚೀಟಿಲಿ ಬರೀತಿದ್ದೆ. 12 ಸಲದಲ್ಲಿ 6 ಸರಿ ಬಂತು. ಕಿವಿ ಮುಚ್ಕೊಂಡು ಊಹೆ ಮಾಡಿದ್ರೂ ಅಷ್ಟೇ ಬರ್ತಿತ್ತೇನೋ.

ಯೋಚನೆ ಮಾಡಿ ನೋಡಿ, ಗೋಡೆ ಒಳಗಿನ ಹತ್ತಾರು ಮೀಟರ್ ತಾಮ್ರದ ವೈರ್ ದಾಟಿ ಬಂದ ಕರೆಂಟು 20 ಮಿಲಿಮೀಟರ್ ಉದ್ದದ ಫ್ಯೂಸಲ್ಲಿ ಹಾದು, ಟ್ರಾನ್ಸ್‌ಫಾರ್ಮರ್, ರೆಕ್ಟಿಫೈಯರ್, ದಪ್ಪ ಕೆಪಾಸಿಟರ್ ಎಲ್ಲಾ ದಾಟಿ ಡಿಸಿ, ಅಂದ್ರೆ ಒಂದೇ ದಿಕ್ಕಿಗೆ ಹರಿಯೋ ಕರೆಂಟು, ಆದ್ಮೇಲೆ ತಾನೇ ಹಾಡಿನ ಸರ್ಕ್ಯೂಟಿಗೆ ಸಿಗೋದು. ಫ್ಯೂಸಿನ ರೆಸಿಸ್ಟೆನ್ಸ್, ಅಂದ್ರೆ ಕರೆಂಟಿಗೆ ಅದು ಒಡ್ಡೋ ತಡೆ, ಆ ಟ್ರಾನ್ಸ್‌ಫಾರ್ಮರ್ ಸುರುಳಿಯ ಮುಂದೆ ಲೆಕ್ಕಕ್ಕೇ ಬರಲ್ಲ. ಇನ್ನು ಬಾಣ! ಎಸಿ ಕರೆಂಟು ಸೆಕೆಂಡಿಗೆ 50 ಇಲ್ಲಾ 60 ಸಲ ಹೋಗಿ ವಾಪಸ್ ಬರುತ್ತೆ, ಅದಕ್ಕೆ ಯಾವ ದಿಕ್ಕು?

ಹಾಗಂತ ವ್ಯತ್ಯಾಸ ಕೇಳ್ತು ಅನ್ನೋರೆಲ್ಲಾ ಸುಳ್ಳು ಹೇಳ್ತಿದ್ದಾರೆ ಅಂತಲ್ಲ. ಹಳೇ ಸೆಟ್ಟಲ್ಲಿ ಫ್ಯೂಸ್ ಹಿಡ್ಕೊಳ್ಳೋ ಕ್ಲಿಪ್ ಕಿಲುಬು ಹಿಡಿದಿರುತ್ತೆ, ಹೊಸದು ತುರುಕುವಾಗ ಅದು ಉಜ್ಜಿ ಸಡಿಲ ಕಾಂಟ್ಯಾಕ್ಟಿನ ಗರಗರ ನಿಂತಿರಬಹುದು. ಕೆಲವು ಸೆಟ್ಟಲ್ಲಿ ಸ್ಪೀಕರ್ ಲೈನಲ್ಲೇ ಫ್ಯೂಸ್ ಇರುತ್ತೆ, ಜೋರು ಬಾಸ್ ಬಂದಾಗ ತಂತಿ ಬಿಸಿಯಾಗಿ ರೆಸಿಸ್ಟೆನ್ಸ್ ಏರಿಳಿದು ಸ್ವಲ್ಪ ಡಿಸ್ಟಾರ್ಷನ್ (ಸೌಂಡ್ ವಿರೂಪ ಆಗೋದು) ಅಳತೆಗೂ ಸಿಗುತ್ತೆ. ನಾನು ಹೇಳ್ತಿರೋದು ಕರೆಂಟ್ ಒಳಬರೋ ಕಡೆಯ ಫ್ಯೂಸ್ ಬಗ್ಗೆ.

ನನಗೆ ನಿಜವಾಗ್ಲೂ ಭಯ ಆಗಿದ್ದು ಪರಿಚಯದವರೊಬ್ಬರು 2 ಆಂಪ್ ಇರೋ ಜಾಗಕ್ಕೆ 5 ಆಂಪ್ ಹಾಕಿದ್ದು ನೋಡಿ, ಸೌಂಡ್ ಬಿಚ್ಕೊಳ್ಳುತ್ತೆ ಅಂತ ಯಾರೋ ಹೇಳಿದ್ರಂತೆ. ಒಳಗೆ ಏನಾದ್ರೂ ಕೆಟ್ರೆ ಫ್ಯೂಸ್ ಹೋಗೋದ್ರೊಳಗೆ ಟ್ರಾನ್ಸ್‌ಫಾರ್ಮರ್ ಸುಟ್ಟು ಬೆಂಕಿನೇ ಹತ್ಕೋಬಹುದು. ಫ್ಯೂಸಿನ ಲೋಹದ ಟೋಪಿ ಮೇಲೆ ಸಣ್ಣದಾಗಿ 'ಟಿ' ಅಂತಿದ್ರೆ ಅದು ನಿಧಾನಕ್ಕೆ ಕರಗೋದು, 'ಎಫ್' ಅಂದ್ರೆ ಬೇಗ. ಆನ್ ಮಾಡಿದ ಕ್ಷಣ ದೊಡ್ಡ ಟ್ರಾನ್ಸ್‌ಫಾರ್ಮರ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತೆ, ಅದಕ್ಕೇ ಅಲ್ಲಿ 'ಟಿ' ಕೊಟ್ಟಿರ್ತಾರೆ. ಆಂಪ್, ಓಲ್ಟ್, ಈ ಅಕ್ಷರ ಮೂರೂ ಹಳೇದ್ರಲ್ಲಿ ಇದ್ದಂತೇ ಇರ್ಬೇಕು.

ದಯವಿಟ್ಟು ನಿಮ್ಮ ಪತ್ರಿಕೆಯಲ್ಲಿ ಎಲೆಕ್ಟ್ರಾನಿಕ್ಸ್ ಗೊತ್ತಿರೋರ ಕೈಲಿ ಇದ್ರ ಬಗ್ಗೆ ಒಂದು ಲೇಖನ ಬರೆಸಿ, ಆ ಟೋಪಿ ಮೇಲಿನ ಅಕ್ಷರ ಓದೋದು ಹೇಗೆ ಅಂತ ಫೋಟೋ ಸಮೇತ ಹಾಕಿ.

ಇಂತಿ,
ನಿಮ್ಮ ಓದುಗ