ಆ ಕುದುರೆ ಯಾರದ್ದು? ಟೆಕ್ಸಾಸಿನ ನಮ್ಮ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಿಮಗೆ ಇದು ನನ್ನ ನಾಲ್ಕನೇ ಪತ್ರ. ಹಿಂದಿನ ಮೂರೂ ಇಂಗ್ಲಿಷಿನಲ್ಲಿದ್ದವು. ಮೂರಕ್ಕೂ "ನಿಮ್ಮ ಪತ್ರ ತಲುಪಿದೆ" ಅನ್ನುವ ಒಂದೇ ಉತ್ತರ ಬಂತು. ಈ ಸಲ ಕನ್ನಡದಲ್ಲೂ ಬರೆಯುತ್ತಿದ್ದೇನೆ. ನಿಮ್ಮ ಕ್ಷೇತ್ರದಲ್ಲಿ ಕನ್ನಡದ ಮನೆಗಳಿವೆ. ಊರಿಂದ ಅಪ್ಪ ಅಮ್ಮ ಬಂದಾಗ ಒಂದು ಶನಿವಾರ ಕಾಲೇಜು ಫುಟ್‌ಬಾಲ್ ತೋರಿಸೋಣ ಅಂತ ನಾವೆಲ್ಲ ಕರೆದುಕೊಂಡು ಹೋಗುತ್ತೇವೆ. ಅವರಿಗೂ ಈ ವಿಷಯ ಗೊತ್ತಾಗಲಿ.

ನಾನು ಕೇಳುವುದು ಒಂದೇ. ಜನರ ನಡುವೆ ಜೀವಂತ ಪ್ರಾಣಿಯನ್ನು ತಂದು ನಿಲ್ಲಿಸುವವರೇ ಅದರ ಹೊಣೆ ಹೊರಬೇಕು. ಹಾಗಂತ ಕಾನೂನು ಮಾಡಿ.

ನನ್ನ ಅಪ್ಪ ಅರಸೀಕೆರೆ ಕಡೆಯ ರೈತರು. ಈಗ 71 ವರ್ಷ. ಜೀವನವಿಡೀ ಹಳ್ಳಿಕಾರ್ ಎತ್ತು ಕಟ್ಟಿದವರು. ಮೊಮ್ಮಗಳನ್ನು ನೋಡಲು ಮೊದಲ ಸಲ ಅಮೆರಿಕಕ್ಕೆ ಬಂದಿದ್ದರು. ಅವತ್ತು ಪಂದ್ಯ ಶುರುವಾಗಲು ಇನ್ನೂ ಎರಡು ಗಂಟೆ ಇತ್ತು. ಪಾರ್ಕಿಂಗ್ ಜಾಗದಲ್ಲಿ ಜನ ಒಲೆ ಹಚ್ಚಿಕೊಂಡು ತಿನ್ನುತ್ತಾ ಹಾಡುತ್ತಾ ಇದ್ದರು. ಅಲ್ಲೇ ಒಂದು ಕಡೆ ಕಾಲೇಜು ತಂಡದ ಗುರುತಾದ ಮ್ಯಾಸ್ಕಾಟ್ ಕುದುರೆ ನಿಂತಿತ್ತು. ಸುತ್ತ ಬೇಲಿ ಇಲ್ಲ, ಹಗ್ಗವೂ ಇಲ್ಲ. ಲಗಾಮು ಹಿಡಿದವರು ಇಬ್ಬರು ವಿದ್ಯಾರ್ಥಿಗಳು. ಫೋಟೊಗೆ ಮಕ್ಕಳ ಸಾಲು.

ಅಪ್ಪ ದೂರದಿಂದಲೇ ಹೇಳಿದರು: "ಅದರ ಕಿವಿ ನೋಡವ್ವಾ, ಹಿಂದಕ್ಕೆ ಮಲಗಿಸೈತೆ. ಮಗೂನ ಕಳಿಸಬ್ಯಾಡ." ಅಷ್ಟು ಹೊತ್ತಿಗೆ ನನ್ನ ಆರು ವರ್ಷದ ಮಗಳು ಸಾಲಿನ ಮುಂದೆ ಇದ್ದಳು. ಅವಳನ್ನು ಕರೆತರಲು ಅಪ್ಪನೇ ಹೋದರು. ಆಗಲೇ ಹಿಂದಿನಿಂದ ಬ್ಯಾಂಡಿನವರು ಡ್ರಮ್ ಬಾರಿಸಿದರು. ಕುದುರೆ ಬೆದರಿ ಗಿರ್ರನೆ ತಿರುಗಿತು. ಅಪ್ಪ ಮಗುವನ್ನು ಆಚೆ ತಳ್ಳಿದರು. ಒದೆ ಅವರ ತೊಡೆಗೆ ಬಿತ್ತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು ಸಾರ್. ಈಗಲೂ ಡ್ರಮ್ ಸದ್ದು ಕೇಳಿದರೆ ಮಗಳು ನನ್ನ ಸೊಂಟ ಹಿಡಿದುಕೊಳ್ಳುತ್ತಾಳೆ.

ಎರಡು ಆಪರೇಷನ್ ಆಯಿತು. ಅಪ್ಪನ ವಿಸಿಟರ್ ಇನ್ಶೂರೆನ್ಸ್ ಮೊದಲನೆಯದಕ್ಕೇ ಮುಗಿದುಹೋಯಿತು. ಮನೆ ಕೊಳ್ಳಲು ಕೂಡಿಟ್ಟ ಹಣ ಅಲ್ಲಿಗೆ ಹೋಯಿತು. ಹೋಗಲಿ, ದುಡ್ಡು ಮತ್ತೆ ದುಡಿಯಬಹುದು. ಅಪ್ಪ ಈಗ ಊರಲ್ಲಿ ವಾಕರ್ ಹಿಡಿದು ಜಗಲಿಯವರೆಗೆ ಬರುತ್ತಾರೆ. ಕೊಟ್ಟಿಗೆಗೆ ಇಳಿಯಲು ಆಗುವುದಿಲ್ಲ. ಎತ್ತುಗಳನ್ನು ಮಾರಿಬಿಟ್ಟರು. ಫೋನಿನಲ್ಲಿ "ನಂದೇ ತಪ್ಪು ಬಿಡವ್ವಾ" ಅನ್ನುತ್ತಾರೆ. ಅವರದ್ದಲ್ಲ ಆ ತಪ್ಪು.

ಹಾಗಾದರೆ ಯಾರದ್ದು? ಕಾಲೇಜಿನವರನ್ನು ಕೇಳಿದೆ. ಕುದುರೆ ನಮ್ಮದಲ್ಲ, ಅದನ್ನು ಸಾಕುವ ರ‍್ಯಾಂಚಿನವರದ್ದು ಅಂದರು. ರ‍್ಯಾಂಚಿನವರು, ಅವತ್ತು ನೋಡಿಕೊಂಡಿದ್ದು ವಿದ್ಯಾರ್ಥಿ ಸಂಘ ಅಂದರು. ಸಂಘದವರು, ನಾವು ಸುಮ್ನೆ ಸೇವೆ ಮಾಡುವವರು, ನಮ್ಮ ಹತ್ತಿರ ಹಣವಿಲ್ಲ ಅಂದರು. ಅಂಗಿಯ ಮೇಲೆ ಕುದುರೆ, ಟೋಪಿಯ ಮೇಲೆ ಕುದುರೆ, ಜಾಹೀರಾತಿನಲ್ಲಿ ಕುದುರೆ. ಮಾರುವಾಗ ಕಾಲೇಜಿನದ್ದಾದ ಕುದುರೆ ಒದ್ದ ಮೇಲೆ ಯಾರದ್ದೂ ಅಲ್ಲವೇ?

ಕಾನೂನು ನಿಮಗೆ ನನಗಿಂತ ಜಾಸ್ತಿ ಗೊತ್ತು. ನಿಮ್ಮದೇ ಸದನದ ಕಾನೂನು. ಸರ್ಕಾರಿ ಕಾಲೇಜನ್ನು ಸುಲಭವಾಗಿ ಕೋರ್ಟಿಗೆ ಎಳೆಯುವಂತಿಲ್ಲ. ಸರ್ಕಾರದಿಂದಾದ ಹಾನಿಗೆ ಪರಿಹಾರ ಕೇಳಲು ಇರುವ ಟೆಕ್ಸಾಸ್ ಟಾರ್ಟ್ ಕ್ಲೇಮ್ಸ್ ಆ್ಯಕ್ಟ್ ತೆರೆದಿಟ್ಟ ಕಿರಿದಾದ ಬಾಗಿಲಿನಲ್ಲೇ ನುಗ್ಗಬೇಕು. ಗೆದ್ದರೂ ಒಬ್ಬರಿಗೆ 2,50,000 ಡಾಲರ್ ಮೀರುವಂತಿಲ್ಲ. ಆರು ತಿಂಗಳೊಳಗೆ ನೋಟಿಸ್ ಕೊಡಬೇಕು. ಆ ಆರು ತಿಂಗಳು ನಾನು ಆಸ್ಪತ್ರೆ, ಫಿಸಿಯೋಥೆರಪಿ, ವೀಸಾ ಅಂತ ಓಡಾಡುತ್ತಿದ್ದೆ. ವಕೀಲರ ಹತ್ತಿರ ಹೋದಾಗ ಏಳನೇ ತಿಂಗಳು. ಕಾಲೇಜಿನ ಪೊಲೀಸರು ಅವತ್ತೇ ವರದಿ ಬರೆದುಕೊಂಡಿದ್ದರು, ಅದು ಸಾಲದೇ ಅಂದೆ. ಸಾಲದಂತೆ. ಗಾಯವಾಗಿದ್ದು ಗೊತ್ತಿದ್ದರೆ ಮಾತ್ರ ಆಗಲ್ಲ, ತಮ್ಮ ಪಾಲಿನ ತಪ್ಪಿದೆ ಅಂತಲೂ ಅವರಿಗೆ ಗೊತ್ತಿರಬೇಕಂತೆ.

ರ‍್ಯಾಂಚಿನವರ ಮೇಲೆ ಹೋಗೋಣ ಅಂದರೆ 1974ರ ಮಾರ್ಷಲ್ ವಿರುದ್ಧ ರಾನ್ ತೀರ್ಪು ಇದೆ. ನೆರೆಯವನ ಗಂಡು ಹಂದಿ ಕಚ್ಚಿದ ಪ್ರಕರಣ ಅದು. ಸಾಕುಪ್ರಾಣಿ ಅಪಾಯಕಾರಿ ಅಂತ ಮೊದಲೇ ಗೊತ್ತಿದ್ದರೆ ಮಾಲೀಕನೇ ಹೊಣೆ ಅಂತ ಟೆಕ್ಸಾಸ್ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆಯ ತೀರ್ಪು. ಆದರೆ ಈ ಕುದುರೆ ಹಿಂದೆ ಯಾರನ್ನು ಒದ್ದಿತ್ತು ಅನ್ನುವುದನ್ನು ನಾನು ಎಲ್ಲಿಂದ ತರಲಿ? ಲೆಕ್ಕ ಇಟ್ಟವರೂ ಅವರೇ, ಕೊಡುವುದಿಲ್ಲ ಅನ್ನುವವರೂ ಅವರೇ. ಕೇಂದ್ರದ ಪ್ರಾಣಿ ಕಲ್ಯಾಣ ಕಾನೂನಿನ ನಿಯಮಗಳಲ್ಲಿ, ಹುಲಿಯಂಥ ಪ್ರಾಣಿಯನ್ನು ಪ್ರದರ್ಶಿಸುವಾಗ ಜನರಿಂದ ಅಂತರ ಅಥವಾ ತಡೆ ಇರಬೇಕು ಅಂತಿದೆ. ಸಂಶೋಧನೆಗೆ ಬಳಸದ ಕುದುರೆಯನ್ನು ಅದೇ ಕಾನೂನು ಹೊರಗಿಟ್ಟಿದೆ. ಒದೆಗೆ ಈ ವ್ಯತ್ಯಾಸ ಗೊತ್ತಾಗುತ್ತದೆಯೇ?

ಎಲ್ಲೋ ಒಂದು ಸಲ ಆಗಿದ್ದು ಅನ್ನಬೇಡಿ. 1994ರಲ್ಲಿ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದ ಮೈದಾನದಲ್ಲಿ ಮ್ಯಾಸ್ಕಾಟ್ ಕುದುರೆ ಸವಾರಳನ್ನು ಕೆಡವಿ ಓಡಿ ಗೋಡೆಗೆ ಬಡಿದು ಸತ್ತಿತು. ಪಾಪ, ಆ ಪ್ರಾಣಿಯದಾದರೂ ಏನು ತಪ್ಪು? 2019ರ ಜನವರಿ 1ರಂದು ನ್ಯೂ ಆರ್ಲಿಯನ್ಸಿನ ಶುಗರ್ ಬೌಲ್ ಪಂದ್ಯಕ್ಕೆ ಮೊದಲು ಟೆಕ್ಸಾಸ್ ವಿಶ್ವವಿದ್ಯಾಲಯದ ಮ್ಯಾಸ್ಕಾಟ್ ಎತ್ತು ಬೀವೋ ಕಬ್ಬಿಣದ ತಡೆಯನ್ನೇ ಕೆಡವಿ ಎದುರಾಳಿ ಜಾರ್ಜಿಯಾ ತಂಡದ ಮ್ಯಾಸ್ಕಾಟ್ ನಾಯಿಯ ಕಡೆ ನುಗ್ಗಿತು. ಫೋಟೊ ತೆಗೆಯುವವರು ದಿಕ್ಕಾಪಾಲಾದರು. ಅದೇ ವರ್ಷ ಅಕ್ಟೋಬರಿನಲ್ಲಿ ಒಕ್ಲಹೋಮಾ ವಿಶ್ವವಿದ್ಯಾಲಯದ ಸೂನರ್ ಸ್ಕೂನರ್ ಅನ್ನುವ ಕುದುರೆಗಾಡಿ ಮೈದಾನದಲ್ಲೇ ಮಗುಚಿತು. ಅದೃಷ್ಟ ಚೆನ್ನಾಗಿತ್ತು, ಗಾಡಿಯಲ್ಲಿದ್ದವರು ಬದುಕಿಕೊಂಡರು. ಕೊಲರಾಡೊ ವಿಶ್ವವಿದ್ಯಾಲಯದವರು ಮಾತ್ರ ಅದೃಷ್ಟವನ್ನು ನಂಬಿ ಕೂರಲಿಲ್ಲ. ರಾಲ್ಫಿ ಅನ್ನುವ ಹೆಸರಿನ ತಮ್ಮ ಐದನೇ ಮ್ಯಾಸ್ಕಾಟ್ ಕಾಡೆಮ್ಮೆ ವಿಪರೀತ ಜೋರಾಗಿ ಓಡುತ್ತಿದೆ, ಹಿಡಿದವರ ಮಾತು ಕೇಳುತ್ತಿಲ್ಲ ಅಂತ 2019ರಲ್ಲಿ ಓಟದಿಂದ ನಿಲ್ಲಿಸಿದರು.

ಮ್ಯಾಸ್ಕಾಟ್ ಬೇಡ ಅಂತ ನಾನು ಹೇಳುತ್ತಿಲ್ಲ. ತಂದವರು ಹೊಣೆ ಹೊರಲಿ ಅನ್ನುತ್ತಿದ್ದೇನೆ. ಪ್ರಾಣಿ ಕಾಲೇಜಿನ ಹೆಸರಲ್ಲಿ ಬಂದರೆ, ಮಾಲೀಕ ಯಾರೇ ಇರಲಿ, ಕಾಲೇಜೇ ಹೊಣೆ ಅಂತ ಬರೆಯಿರಿ. ಅದು ಗೇಟು ದಾಟುವ ಮೊದಲು ಇನ್ಶೂರೆನ್ಸ್ ಇರಬೇಕು. ಹಿಂದೆ ಕಚ್ಚಿದ, ಒದ್ದ ದಾಖಲೆ ಗಾಯಗೊಂಡವರಿಗೆ ಸಿಗಬೇಕು. ಆಸ್ಪತ್ರೆಯಲ್ಲಿ ಮಲಗಿದವರಿಗೆ ಆರು ತಿಂಗಳ ಗಡುವು ಅನ್ಯಾಯ, ಅದನ್ನು ಬದಲಿಸಿ.

ನಿಮ್ಮ ಸದನ ಎರಡು ವರ್ಷಕ್ಕೊಮ್ಮೆ ಹೆಚ್ಚೆಂದರೆ 140 ದಿನ ಸೇರುತ್ತದೆ. ಮುಂದಿನ ಅಧಿವೇಶನ ತಪ್ಪಿದರೆ ಇನ್ನೂ ಎರಡು ವರ್ಷ, ಎರಡು ಸೀಸನ್, ಅದೇ ಪಾರ್ಕಿಂಗ್ ಜಾಗ, ಅದೇ ಮಕ್ಕಳ ಸಾಲು. ಕಳೆದ ಶನಿವಾರ ಆ ಕಡೆ ಹೋಗಿದ್ದೆ. ಕುದುರೆ ಅಲ್ಲೇ ನಿಂತಿತ್ತು. ಈಗಲೂ ಬೇಲಿ ಇಲ್ಲ.

ಪತ್ರ ತಲುಪಿದೆ ಅಂತ ದಯವಿಟ್ಟು ಮತ್ತೆ ಬರೆಯಬೇಡಿ. ಮಸೂದೆಯ ನಂಬರ್ ಬರೆದು ಕಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು